ಕೆರೆಯ ವಿಸ್ತೀರ್ಣ 0.0000135

ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸಿ ಅಳೆಯುವ ಉಚಿತ ತಂತ್ರಾಂಶವಾದ ಕ್ಯೂಜಿಐಎಸ್‌ನ ತರಬೇತಿಗೆ ಬರುವ ಇಂಜಿನಿಯರುಗಳಿಗೂ ಭೂಮಾಪಕರಿಗೂ ನಾನು ಮೊದಲ ದಿನವೇ ಅವರವರ ಊರಿನ ಕೆರೆಯೊಂದನ್ನು ಉಪಗ್ರಹ ಚಿತ್ರದ ಮೇಲೆ ಗುರುತಿಸಲು ಹೇಳುತ್ತೇನೆ. ಏರಿ ಯಾವುದು, ಕೋಡಿ ಎಲ್ಲಿ ಬೀಳುತ್ತದೆ, ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ಬಲ್ಲವರಿಗೆ ಮೌಸಿನ ಅಳುಕು ಅರ್ಧ ಗಂಟೆಯಲ್ಲಿ ಬಿಟ್ಟುಹೋಗುತ್ತದೆ.

ಕಳೆದ ತಂಡದಲ್ಲಿ ಕೋಲಾರದ ಕಡೆಯ ಹಿರಿಯ ಭೂಮಾಪಕರೊಬ್ಬರಿದ್ದರು. ದಾಖಲೆಯಲ್ಲಿ ನಲವತ್ತು ಎಕರೆ ಇರುವ ಕೆರೆಯ ಅಂಚನ್ನು ಅವರು ಅಚ್ಚುಕಟ್ಟಾಗಿ ಎಳೆದು ವಿಸ್ತೀರ್ಣ ಕೇಳಿದಾಗ ಪರದೆಯ ಮೇಲೆ 0.0000135 ಎಂದು ಬಂತು. "ಇಷ್ಟೊಂದು ಒತ್ತುವರಿ ಆಗಿಲ್ಲ ಸಾರ್ ನಮ್ಮ ಕೆರೆ" ಎಂದರು.

ಈ ತಪ್ಪು ಆಗಲಿ ಎಂದೇ ನಾನು ಕಾಯುತ್ತಿರುತ್ತೇನೆ. ಅವರು ಕೆರೆಯನ್ನು ಎಳೆದ ಲೇಯರ್, ಅಂದರೆ ನಕ್ಷೆಯ ಪದರ, ಇದ್ದದ್ದು ಅಕ್ಷಾಂಶ ರೇಖಾಂಶಗಳ ಪದ್ಧತಿಯಲ್ಲಿ; ತಂತ್ರಾಂಶದಲ್ಲಿ ಅದರ ಸಂಕೇತ ಇಪಿಎಸ್‌ಜಿ 4326. ಹಾಗಾಗಿ ಉತ್ತರ ಬಂದದ್ದು ಚದರ ಡಿಗ್ರಿಗಳಲ್ಲಿ. ಮೀಟರಿನ ಲೆಕ್ಕ ಬೇಕಾದರೆ ಯುಟಿಎಂ ವಲಯಕ್ಕೆ, ಅಂದರೆ ಭೂಮಿಯನ್ನು ಉತ್ತರ ದಕ್ಷಿಣದ ಪಟ್ಟಿಗಳಾಗಿ ಸೀಳಿ ಮೀಟರಿನಲ್ಲಿ ಅಳೆಯುವ ಪದ್ಧತಿಗೆ, ಬದಲಾಯಿಸಿಕೊಳ್ಳಬೇಕು. ಕರ್ನಾಟಕದ ಬಹುಪಾಲು 43ನೆಯ ಉತ್ತರ ವಲಯದಲ್ಲಿದ್ದರೂ ಆ ವಲಯ 78 ಡಿಗ್ರಿ ಪೂರ್ವ ರೇಖಾಂಶಕ್ಕೆ ಮುಗಿಯುವುದರಿಂದ, ಕೋಲಾರ ಪಟ್ಟಣ 44ಕ್ಕೆ ಸೇರುತ್ತದೆ. ವಲಯದ ಅಂಚಿನಲ್ಲಿ ಯುಟಿಎಂ ವಿಸ್ತೀರ್ಣವನ್ನು ಕೊಂಚ ಹಿಗ್ಗಿಸಿ ತೋರಿಸುತ್ತದೆ. ಅಲ್ಲಿ ನಲವತ್ತು ಎಕರೆಗೆ ಸುಮಾರು ಎರಡೂವರೆ ಗುಂಟೆ ಹೆಚ್ಚಾಗುತ್ತದೆ. ಇಂಜಿನಿಯರುಗಳು ಇದನ್ನು ಕೇಳಿ ನಕ್ಕರು, ಭೂಮಾಪಕರು ನಗಲಿಲ್ಲ. ಎರಡೂವರೆ ಗುಂಟೆಗೆ ಎಷ್ಟು ವರ್ಷ ಕೋರ್ಟಿಗೆ ಅಲೆಯಬೇಕಾಗುತ್ತದೆಂದು ಅವರಿಗೆ ಗೊತ್ತು. ಭೂಮಿಯ ದುಂಡಗಿನ ಆಕಾರವನ್ನೇ ಲೆಕ್ಕಕ್ಕೆ ಹಿಡಿಯುವ ಇನ್ನೊಂದು ಸೂತ್ರವೂ ಕ್ಯೂಜಿಐಎಸ್‌ನ ಕ್ಯಾಲ್ಕುಲೇಟರಿನಲ್ಲೇ ಇದೆ ಎಂದು ತೋರಿಸಿದ ಮೇಲೆಯೇ ಅವರು ಊಟಕ್ಕೆ ಎದ್ದದ್ದು.

ಹಿಂದೊಮ್ಮೆ ನಾನು ದುಬಾರಿ ಲೈಸೆನ್ಸಿನ ತಂತ್ರಾಂಶದಲ್ಲಿ ಪಾಠ ಮಾಡಿದ್ದುಂಟು. ಪ್ರಾಯೋಗಿಕ ಅವಧಿ ಮುಗಿದ ದಿನ ಕಲಿತದ್ದೂ ಮುಗಿಯಿತು, ಏಕೆಂದರೆ ಕಲಿಯಲು ಬಂದವರ ಕಚೇರಿ ಅದನ್ನು ಕೊಳ್ಳಲೇ ಇಲ್ಲ. 2002ರಲ್ಲಿ ಗ್ಯಾರಿ ಶೆರ್ಮನ್ ಆರಂಭಿಸಿದ ಕ್ಯೂಜಿಐಎಸ್‌ಗೆ ಆ ತೊಡಕಿಲ್ಲ. ಒಂದು ಪೆನ್ ಡ್ರೈವ್ ತರಗತಿಯನ್ನೆಲ್ಲ ಸುತ್ತಿ ಬರುತ್ತದೆ, ಸಂಜೆಯ ಹೊತ್ತಿಗೆ ಮಕ್ಕಳ ಲ್ಯಾಪ್‌ಟಾಪಿನಲ್ಲೂ ತಂತ್ರಾಂಶ ಇರುತ್ತದೆ.

ಮೂರನೆಯ ದಿನ ಹಳೆಯ ಗ್ರಾಮ ನಕ್ಷೆಯನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸುವ ಪಾಠ. ಅದಕ್ಕೆ ನಕ್ಷೆಯಲ್ಲೂ ನೆಲದ ಮೇಲೂ ಖಚಿತವಾಗಿ ಸಿಗುವ ಬಿಂದುಗಳು ಬೇಕು. ಅಂದು ಪಾಠ ಮಾಡಿದವರು ಆ ಹಿರಿಯರೇ. ಮೂವತ್ತಮೂರು ಅಡಿಯ ಸರಪಳಿಗೆ ಹದಿನಾರು ಆಣೆ ಎಂಬ ಲೆಕ್ಕದಿಂದ ಆರಂಭಿಸಿ, ಜಮೀನಿನ ಅಳತೆ ಬರೆದಿಟ್ಟ ಹಳೆಯ ಸರ್ವೆ ದಾಖಲೆಯಾದ ಟಿಪ್ಪಣಿಯನ್ನು ಓದುವ ಬಗೆಯನ್ನು ನನಗೂ ಸೇರಿಸಿ ಎಲ್ಲರಿಗೂ ಕಲಿಸಿದರು. ಊರಿಗೆ ಮರಳಿದ ವಾರದಲ್ಲಿ ಅವರ ಫೋನ್ ಬಂತು. ಕೆರೆಯ ಸುತ್ತಲಿನ ನಾಲ್ಕು ಬಾಂದುಕಲ್ಲುಗಳಲ್ಲಿ ಮೂರು ಸಿಕ್ಕಿದ್ದವು. ನಾಲ್ಕನೆಯದು ಇರಬೇಕಾದ ಜಾಗದಲ್ಲಿ ಯಾರದೋ ಮನೆಯ ಜಗಲಿ ಇತ್ತು.