ಮೂರು ಪವನಿನ ಸರ ಎರಡು ಪವನಾದ ಲೆಕ್ಕ

ಉಡುಪಿಯ ಸಹಕಾರಿ ಸಂಘವೊಂದರಲ್ಲಿ ಅಡಮಾನಕ್ಕೆ ಬರುವ ಚಿನ್ನವನ್ನು ಒರೆಗೆ ಹಚ್ಚಿ ನೋಡುವ ಸರಾಫನಾಗಿ ಹಲವು ವರ್ಷ ದುಡಿದವನು ನಾನು. ಹಾಗಾಗಿ ಮದುವೆ ಮನೆಯಲ್ಲಾಗಲಿ, ರಥಬೀದಿಯಲ್ಲಾಗಲಿ, ಎದುರಾದವರು ಕೇಳುವುದು ಇದನ್ನೇ: "ಅಜ್ಜಿಯ ಕಾಲದ ಒಡವೆಯೊಂದಿದೆ, ಅದರ ನಿಜವಾದ ಬೆಲೆ ಎಷ್ಟಾದೀತು?" ತೂಕವನ್ನು ಆ ದಿನದ ದರದಿಂದ ಗುಣಿಸಿದರೆ ಉತ್ತರ ಸಿಗುತ್ತದೆ ಎಂಬ ನಂಬಿಕೆ ಹೆಚ್ಚಿನವರದು.

ಒಮ್ಮೆ ನೆರೆಮನೆಯ ಅಕ್ಕ ತಮ್ಮ ಅತ್ತೆಯ ಕರಿಮಣಿ ಸರವನ್ನು ತಂದಿದ್ದರು. ಮನೆಯಲ್ಲಿ ಅದನ್ನು ಮೂರು ಪವನಿನ ಸರವೆಂದೇ ಕರೆಯುತ್ತಿದ್ದರಂತೆ. ಒಂದು ಪವನ್ ಎಂದರೆ 8 ಗ್ರಾಂ. ತಕ್ಕಡಿಯೂ ಸರಿಯಾಗಿ 24 ಗ್ರಾಂ ತೋರಿಸಿತು. ಆದರೆ ಕರಿಮಣಿ, ದಾರ, ಪೊಳ್ಳು ಗುಂಡುಗಳೊಳಗೆ ತುಂಬಿದ ಅರಗು ಇವನ್ನೆಲ್ಲ ಕಳೆದರೆ, ನನ್ನ ಅಂದಾಜಿನಲ್ಲಿ, ಚಿನ್ನ ಉಳಿಯುವುದು 18 ಗ್ರಾಂ. ಒರೆಗಲ್ಲಿನಲ್ಲಿ ಗುಂಡಿನ ಗೆರೆ 22 ಕ್ಯಾರೆಟ್ಟಿನಷ್ಟು ಹಳದಿಯಾಗಿಯೇ ಮೂಡಿತು. ಕೊಂಡಿಯ ಬಳಿ ಬೆಸುಗೆಯ ಮೇಲೆ ಉಜ್ಜಿದ ಗೆರೆ ಮಾತ್ರ ಆ್ಯಸಿಡ್ ತಾಗಿದ್ದೇ ಮಂಕಾಯಿತು. ಬೆಸುಗೆಯು ಒಡವೆಗಿಂತ ಮೊದಲೇ ಕರಗಬೇಕಾದ್ದರಿಂದ ಅದರಲ್ಲಿ ತಾಮ್ರ, ಬೆಳ್ಳಿ ಹೆಚ್ಚು ಬೆರೆಸಿರುತ್ತಾರೆ, ಪ್ರತಿ ರಿಪೇರಿಯಲ್ಲೂ ಇಷ್ಟಿಷ್ಟು ಸೇರುತ್ತಾ ಹೋಗುತ್ತದೆ. ಒಟ್ಟಾಗಿ ಕರಗಿಸಿದರೆ 20 ಕ್ಯಾರೆಟ್ ಎಂದಿಟ್ಟುಕೊಳ್ಳಿ: ಅಪ್ಪಟ ಚಿನ್ನ 15 ಗ್ರಾಂ, ಅಂದರೆ 22 ಕ್ಯಾರೆಟ್ಟಿನ ಲೆಕ್ಕದಲ್ಲಿ 16 ಗ್ರಾಂ ಚಿಲ್ಲರೆ. ಪವನಿನಲ್ಲಿ ಹೇಳುವುದಾದರೆ ಎರಡು ಪವನ್. ಅಕ್ಕನ ಮುಖ ಬಾಡಿತು, ಸುಳ್ಳು ಹೇಳುವ ಹಾಗಿರಲಿಲ್ಲ.

ಈಗಿನ ಒಡವೆಗಳಲ್ಲಿ ಈ ಗೊಂದಲ ಕಡಿಮೆ. 2021ರ ಜೂನ್ 16ರಿಂದ ಹಂತ ಹಂತವಾಗಿ ಶುದ್ಧತೆಯ ಮುದ್ರೆಯಾದ ಹಾಲ್‌ಮಾರ್ಕ್ ಕಡ್ಡಾಯವಾಗಿ, 2023ರ ಏಪ್ರಿಲ್ 1ರಿಂದ ಪ್ರತಿ ಒಡವೆಗೂ ಬೇರೆಯಾದ ಆರು ಅಕ್ಷರ-ಅಂಕಿಗಳ ಗುರುತಾದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. 22 ಕ್ಯಾರೆಟ್ಟಿನ ಒಡವೆಯ ಮುದ್ರೆಯಲ್ಲಿರುವ 916 ಎಂಬ ಅಂಕಿ ಸಾವಿರ ಪಾಲಿನಲ್ಲಿ ಚಿನ್ನ ಎಷ್ಟೆಂಬುದನ್ನು ಹೇಳುತ್ತದೆ, ಅಷ್ಟೇ. ಮಾಡಿದವನ ಕೈ ಎಂಥದೆಂದು ಹೇಳುವುದಿಲ್ಲ.

ನನ್ನ ಉತ್ತರ ಇರುವುದು ಆ ಕೈಯ ವಿಷಯದಲ್ಲಿ. ಕೊಳ್ಳುವಾಗ ತೆತ್ತ ಮಜೂರಿಯನ್ನು ಮಾರುವಾಗ ಯಾರೂ ಮರಳಿ ಕೊಡುವುದಿಲ್ಲ. ಹಳೆಯದನ್ನು ಕೊಟ್ಟು ಹೊಸತು ಮಾಡಿಸಿದರೆ ಒಂದು ಮಜೂರಿ ಮೂಸೆಯಲ್ಲಿ ಹೋಗುತ್ತದೆ, ಇನ್ನೊಂದನ್ನು ಜಿಎಸ್‌ಟಿ ಸಹಿತ ಕೈಯಿಂದ ಕೊಡಬೇಕಾಗುತ್ತದೆ. ಆದ್ದರಿಂದ ಗಟ್ಟಿಮುಟ್ಟಾದ ಹಳೆಯ ಒಡವೆಗೆ ಅತಿ ಕಡಿಮೆ ಬೆಲೆ ಬರುವುದು ಕರಗುವ ದಿನವೇ. ಕಷ್ಟಕಾಲದಲ್ಲಿ ಮಾರುವುದಕ್ಕೂ ಅಡವಿಡುವುದಕ್ಕೂ ಸಂಕೋಚ ಬೇಡ, ಒಡವೆ ಮಾಡಿಸಿದ್ದೇ ಅದಕ್ಕೆ (ಈ ಮಾತಿಗೆ ನನ್ನ ಹೆಂಡತಿಯ ಒಪ್ಪಿಗೆಯಿಲ್ಲ). ಹೊಸ ಮಾದರಿಯ ಆಸೆಗಾಗಿ ಕರಗಿಸುವುದನ್ನು ಮಾತ್ರ ನಾನು ಒಪ್ಪಲಾರೆ.

ಅಕ್ಕನಿಗೆ ಭೂತಗನ್ನಡಿ ಕೊಟ್ಟು ಗುಂಡಿನ ಸುತ್ತ ನೋಡಲು ಹೇಳಿದೆ. ಸಾಸಿವೆಗಿಂತಲೂ ಸಣ್ಣ ಚಿನ್ನದ ರವೆಗಳು ಸಾಲಾಗಿ ಕುಳಿತಿದ್ದವು. ಒಂದು ಕಡೆ ಮಾತ್ರ, ಆಚಾರಿಯ ಕೈ ತಪ್ಪಿಯೋ ಏನೋ, ಸಾಲು ಕೊಂಚ ಸೊಟ್ಟಗಾಗಿತ್ತು. ಅವರು ಬಹಳ ಹೊತ್ತು ನೋಡಿದರು. ಮರುವಾರ ಸರಕ್ಕೆ ಹೊಸ ದಾರವನ್ನಷ್ಟೇ ಹಾಕಿಸಿಕೊಂಡರು.