‘ಬಣ್ಣ’ ಅಂತ ಹೇಳಿ ಕಳಿಸಿಬಿಟ್ಟಿದ್ದೆ

ಮೊನ್ನೆ ಒಪಿಡಿಗೆ ಜೀನ್ಸ್ ವಾಷಿಂಗ್ ಯೂನಿಟ್ಟಿನ ಹುಡುಗನೊಬ್ಬ ಬಂದಿದ್ದ. ಸ್ಟೂಲಿನ ಮೇಲೆ ಕಾಲಿಟ್ಟ. ಅಂಗಾಲು ಪೂರ್ತಿ ನೀಲಿ. ಅವನಿಗೆ ಆಗಿದ್ದು ಬರೀ ಹುಳಕಡ್ಡಿ. ಆದರೆ ಆ ನೀಲಿ ನೋಡಿದ ಕೂಡಲೇ ನನ್ನ ಎದೆ ಒಂದು ಸಲ ಧಸಕ್ ಅಂದಿತು. ಹೋದ ವರ್ಷದ ಆ ಮಧ್ಯಾಹ್ನ ಇನ್ನೂ ನನ್ನನ್ನು ಬಿಟ್ಟಿಲ್ಲ.

ನಾನು ಬಳ್ಳಾರಿಯಲ್ಲಿ ಚರ್ಮರೋಗ ವೈದ್ಯೆ. ವರ್ಷಕ್ಕೆ ಎರಡು ಮೂರು ಸಲ ಪಿಎಚ್‌ಸಿ ಡಾಕ್ಟರುಗಳಿಗೆ ಡರ್ಮೋಸ್ಕೋಪ್ (ಚರ್ಮವನ್ನು ದೊಡ್ಡದಾಗಿ ತೋರಿಸುವ ಲೆನ್ಸ್) ಹಿಡಿದು ಚರ್ಮದ ಕ್ಯಾನ್ಸರ್ ಗುರುತಿಸುವುದನ್ನು ಕಲಿಸುತ್ತೇನೆ. ಇಷ್ಟಪಟ್ಟು ಮಾಡುವ ಕೆಲಸ ಅದು. ಆದರೆ ಮೇಲಿನವರು ಕೊಡುವುದು ಅರ್ಧ ದಿನ. 14 ಜನ ಎಂಒಗಳಿಗೆ (ಮೆಡಿಕಲ್ ಆಫೀಸರುಗಳಿಗೆ) 2 ಡರ್ಮೋಸ್ಕೋಪ್, ಅದರಲ್ಲಿ ಒಂದಕ್ಕೆ ಚಾರ್ಜ್ ನಿಲ್ಲುವುದಿಲ್ಲ. ಹಾಜರಿ ಸಹಿ, ಪ್ರೀ ಟೆಸ್ಟ್, ಪೋಸ್ಟ್ ಟೆಸ್ಟ್, ಬ್ಯಾನರ್ ಮುಂದೆ ಗ್ರೂಪ್ ಫೋಟೋ. ಇವಿಷ್ಟು ಇದ್ದರೆ ವರದಿ ಪೂರ್ತಿ. ಒಬ್ಬೊಬ್ಬರು ಲೆನ್ಸಿನೊಳಗೆ ಎಷ್ಟು ಹೊತ್ತು ನೋಡಿದರು ಅಂತ ಕೇಳುವ ಕಾಲಂ ಯಾವ ಫಾರಂನಲ್ಲೂ ಇಲ್ಲ. ಇದನ್ನು ಮೂರು ಸಲ ಬರೆದು ಕೊಟ್ಟಿದ್ದೇನೆ. ಕಲಿಕೆ ಎಷ್ಟು ಮುಖ್ಯ ಅಂತ 1995ರಲ್ಲೇ ವಿಯೆನ್ನಾದ ವೈದ್ಯರು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಸರಿಯಾಗಿ ಕಲಿತವರಿಗೆ ಈ ಲೆನ್ಸ್ ದೊಡ್ಡ ಸಹಾಯ. ಕಲಿಯದವರ ಕೈಗೆ ಕೊಟ್ಟರೆ ಬರಿಗಣ್ಣಿಗಿಂತ ಲಾಭವೇನೂ ಇಲ್ಲ, ತಪ್ಪೇ ಜಾಸ್ತಿಯಾಗಬಹುದು. ಹಾಗಿರುವಾಗ ಅರ್ಧ ದಿನದಲ್ಲಿ ಯಾರಿಗೆ ಏನು ಕಲಿಸಲು ಆಗುತ್ತದೆ?

ಆ ದಿನ ಬೆಳಿಗ್ಗೆ ಚೆನ್ನಾಗಿಯೇ ಶುರುವಾಯಿತು. ನಾನು ಯಾವಾಗಲೂ ಅಂಗಾಲಿನಿಂದಲೇ ಶುರು ಮಾಡುತ್ತೇನೆ. ನಮ್ಮ ಜನರಲ್ಲಿ ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್, ಅಪರೂಪ. ಬಂದರೆ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೇ ಜಾಸ್ತಿ. ಅಲ್ಲಿಗೆ ಯಾರ ಕಣ್ಣೂ ಹೋಗುವುದಿಲ್ಲ. ಮುಳ್ಳು ಚುಚ್ಚಿದ್ದು, ಕಲ್ಲು ತಾಗಿದ್ದು, ಮಚ್ಚೆ ಅಂತ ವರ್ಷಗಟ್ಟಲೆ ಹಾಗೇ ಬಿಟ್ಟಿರುತ್ತಾರೆ.

ಅಂಗಾಲನ್ನು 10 ಪಟ್ಟು ದೊಡ್ಡದಾಗಿ ನೋಡಿದರೆ ಅದು ಥೇಟ್ ಮೆಣಸಿನಕಾಯಿ ಹೊಲ. ಬೋದು, ಸಾಲು, ಬೋದು, ಸಾಲು. ಬೋದು ಅಂದರೆ ಏರು, ಸಾಲು ಅಂದರೆ ನಡುವಿನ ತಗ್ಗು. ಯಾವುದು ಬೋದು ಅಂತ ಗುರುತು ಸಿಗದಿದ್ದರೆ ಬೆವರಿನ ರಂಧ್ರ ಹುಡುಕಬೇಕು. ಬೋದಿನ ಮೇಲೆ ಸಸಿ ನೆಟ್ಟ ಹಾಗೆ ಬಿಳಿ ಚುಕ್ಕೆಗಳು ಸಾಲಾಗಿ ಕೂತಿರುತ್ತವೆ. ಸಾಮಾನ್ಯ ಮಚ್ಚೆಯ ಬಣ್ಣ ಸಾಲಿನಲ್ಲಿ ನಿಲ್ಲುತ್ತದೆ, ನೀರು ನಿಂತ ಹಾಗೆ. ಮೆಲನೋಮಾದ ಬಣ್ಣ ಬೋದಿನ ಮೇಲೆ ಹತ್ತುತ್ತದೆ. ಜಪಾನಿನ ತೋಶಿಯಾಕಿ ಸೈದಾ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ನೋಡಿ ನೋಡಿ ಹಿಡಿದ ಗುರುತು ಇದು. ಅವರ 2004ರ ಅಧ್ಯಯನದಲ್ಲಿ ಅಂಗಾಲು, ಅಂಗೈಯ ಮೆಲನೋಮಾಗಳಲ್ಲಿ 100ಕ್ಕೆ 86ರಲ್ಲಿ ಬೋದಿನ ಮೇಲೆ ಬಣ್ಣವಿತ್ತು. ಸಾದಾ ಮಚ್ಚೆಗಳಲ್ಲಿ ಹಾಗೆ ಕಂಡದ್ದು 100ಕ್ಕೆ ಒಂದರಷ್ಟು. ನಮ್ಮ ಎಂಒಗಳಲ್ಲಿ ಅರ್ಧ ಜನ ರೈತರ ಮನೆಯವರು. ಬೋದು, ಸಾಲು ಅಂದ ಕೂಡಲೇ ತಲೆಯಾಡಿಸುತ್ತಾರೆ. ಪಿಪಿಟಿಯ ಇಪ್ಪತ್ತು ಸ್ಲೈಡಿಗಿಂತ ಈ ಎರಡು ಮಾತು ನೆನಪಿನಲ್ಲಿ ಉಳಿಯುತ್ತವೆ.

ಆದರೆ ಬೋದಿನ ಮೇಲೆ ಬಣ್ಣ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ. ಕೆರೆದಾಗ ಹೋಗುವ ಫಂಗಸ್, ಚರ್ಮದಡಿ ಹೆಪ್ಪುಗಟ್ಟಿದ ರಕ್ತ, ಹೊರಗಿನಿಂದ ಹತ್ತಿದ ಬಣ್ಣ, ಇವೂ ಹಾಗೇ ಕಾಣುತ್ತವೆ. ಅದನ್ನು ತೋರಿಸಲು ಬೇಕಂತಲೇ ಒಬ್ಬ ಜೀನ್ಸ್ ಯೂನಿಟ್ ಕೆಲಸಗಾರನನ್ನು ಬರಲು ಹೇಳಿದ್ದೆ. ಎಲ್ಲರೂ ಒಬ್ಬೊಬ್ಬರಾಗಿ ನೋಡಿದರು. ಬೋದಿನ ಮೇಲೆ ಬಣ್ಣ. ಹದಿನಾಲ್ಕು ಜನರೂ ಮೆಲನೋಮಾ ಅಂದರು. ನಾನು ಸ್ಪಿರಿಟ್ ಹತ್ತಿ ತೆಗೆದುಕೊಂಡು ಉಜ್ಜಿದೆ. ಹತ್ತಿ ನೀಲಿಯಾಯಿತು. 15 ನಂಬರ್ ಬ್ಲೇಡಿನಿಂದ ಸತ್ತ ಚರ್ಮ ತೆಳ್ಳಗೆ ತೆಗೆದೆ. ಅಡಿಯಲ್ಲಿ ಶುದ್ಧ ಚರ್ಮ. ರೂಮಿನಲ್ಲಿ ‘ಓ’ ಅಂತ ಒಂದು ಸದ್ದು ಬಂತು. ‘ಪುಸ್ತಕದಲ್ಲಿ ಇದಿಲ್ಲ, ಇದು ಬಳ್ಳಾರಿಯ ಪಾಠ’ ಅಂದೆ. ಖುಷಿಯಾಗಿತ್ತು ನನಗೆ.

ಅಂಗೈ ತುಂಬ ಒರಟು ಆಣಿ ಇದ್ದವರು ರಾಯಚೂರು ಕಡೆಯಿಂದ ಬಂದರೆ ಮೊದಲು ನೀರಿನ ವಿಷಯ ಕೇಳಿ ಅಂತಲೂ ಆವತ್ತು ಬೆಳಿಗ್ಗೆ ಹೇಳಿದ್ದೆ. ಪಕ್ಕದ ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಬೋರ್‌ವೆಲ್ ನೀರಿನ ಆರ್ಸೆನಿಕ್ ಜನರ ಅಂಗೈ, ಅಂಗಾಲು ಹಾಳು ಮಾಡಿತ್ತು. ಕೆಲವರಿಗೆ ಕ್ಯಾನ್ಸರ್ ಕೂಡ ಆಗಿತ್ತು. ಅಲ್ಲಿ ಲೆನ್ಸಿಗಿಂತ ಮುಂಚೆ ಕೆಲಸಕ್ಕೆ ಬರುವುದು ಬಾಯಿ. ‘ಕೇಳಿ, ಆಮೇಲೆ ನೋಡಿ’ ಅಂತ ಬೋರ್ಡಿನ ಮೇಲೆ ನನ್ನ ಕೈಯಾರೆ ಬರೆದಿದ್ದೆ. ಮಧ್ಯಾಹ್ನದವರೆಗೂ ಅದು ಅಳಿಸದೆ ಹಾಗೇ ಇತ್ತು.

ಊಟ ಆಗಿ ಮೂರೂವರೆ. ಸಿರುಗುಪ್ಪ, ಸಂಡೂರು ಕಡೆಯವರು ಬಸ್ಸಿನ ಟೈಮ್ ನೋಡಲು ಶುರು ಮಾಡಿದ್ದರು. ಒಪಿಡಿ ಕಡೆಯಿಂದ ಇನ್ನೊಬ್ಬ ಪೇಷಂಟನ್ನು ಕಳಿಸಿದರು. 60ರ ಆಸುಪಾಸಿನ ಅಮ್ಮ. ಬಂದದ್ದು ಮೊಣಕಾಲು ನೋವಿಗೆ. ಪರೀಕ್ಷೆ ಮಾಡುತ್ತಿದ್ದ ಡಾಕ್ಟರು ಹಿಮ್ಮಡಿಯ ಕಪ್ಪು ನೋಡಿ ‘ಟ್ರೇನಿಂಗಿಗೆ ಒಳ್ಳೆ ಕೇಸ್’ ಅಂತ ಕಳಿಸಿದ್ದರು.

‘ಏನು ಕೆಲಸ ಅಮ್ಮಾ?’

‘ಜೀನ್ಸ್ ತೊಳಿಯೋ ಯೂನಿಟ್ಟಿನಾಗ ಇದ್ದೆ ರೀ ಮೇಡಂ.’

ನಾನು ಕೇಳಿದ್ದು ಅದೊಂದೇ. ಆ ಉತ್ತರ ನನ್ನ ಕಿವಿಗೆ ಬಿದ್ದಾಗಲೇ ಮನಸ್ಸು ತೀರ್ಮಾನ ಮಾಡಿ ಆಗಿತ್ತು. ಕಾಲು ತೊಳೆಸಲಿಲ್ಲ. ಇನ್ನೊಂದು ಕಾಲು ನೋಡಲಿಲ್ಲ. ಜೆಲ್ ಹಾಕಿ ಲೆನ್ಸ್ ಇಟ್ಟೆ. ಕಪ್ಪು, ಕಂದು, ಒಂದು ಕಡೆ ನೀಲಿ ಮಿಶ್ರಿತ ಬೂದು, ಎಲ್ಲ ಬೋದಿನ ಮೇಲೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮೇಲ್ಪದರದಲ್ಲಿದ್ದರೆ ಕಪ್ಪಾಗಿ ಕಾಣುತ್ತದೆ, ಕೆಳಗಿಳಿದ ಹಾಗೆ ಕಂದು, ಬೂದು, ಆಮೇಲೆ ನೀಲಿ. ಇದನ್ನು ಬೆಳಿಗ್ಗೆ ನಾನೇ ಪಾಠ ಮಾಡಿದ್ದೆ. ಆದರೆ ಆ ನೀಲಿ ನನಗೆ ಜೀನ್ಸಿನ ನೀಲಿಯಾಗಿಯೇ ಕಂಡಿತು. ‘ಬೆಳಿಗ್ಗೆ ನೋಡಿದ್ದೇ. ಬಣ್ಣ’ ಅಂದೆ. ಇಬ್ಬರು ಮೂವರು ನೋಡಿ ಹೌದು ಅಂದರು. ಸ್ಲಿಪ್ಪಿನ ಮೇಲೆ ‘ಬಣ್ಣ, ತೊಂದರೆ ಇಲ್ಲ’ ಅಂತ ಬರೆದು ಆ ಅಮ್ಮನನ್ನು ಕಳಿಸಿದೆ. ಹೆಚ್ಚೆಂದರೆ ಎರಡು ನಿಮಿಷ ಹಿಡಿದಿರಬಹುದು.

ಸಿರುಗುಪ್ಪ ಕಡೆಯ ಒಂದು ಪಿಎಚ್‌ಸಿಯ ಎಂಒ, ಇನ್ನೂ ಹುಡುಗ, ಸ್ಲಿಪ್ ಕೊಡಲು ಅವರ ಜೊತೆ ಕಾರಿಡಾರಿಗೆ ಹೋಗಿದ್ದ. ಬೆಳಿಗ್ಗೆಯಿಂದ ಒಂದು ಮಾತೂ ಆಡಿರಲಿಲ್ಲ ಅವನು. ನಾವು ಬ್ಯಾನರ್ ಮುಂದೆ ಸಾಲಾಗಿ ನಿಲ್ಲುತ್ತಿದ್ದಾಗ ವಾಪಸ್ ಬಂದ. ಕೈಯಲ್ಲಿ ಒಂದು ಹತ್ತಿ ಇತ್ತು.

‘ಮೇಡಂ, ಆಯಮ್ಮ ಯೂನಿಟ್ ಬಿಟ್ಟು ಎರಡು ವರ್ಷ ಆಯ್ತಂತೆ. ಆಮೇಲೆ ಆ ಕಡೆ ಹೋಗೇ ಇಲ್ಲಂತೆ. ನಾನು ಸುಮ್ನೆ ಒಂದ್ಸಲ ಉಜ್ಜಿ ನೋಡಿದೆ.’

ಹತ್ತಿಯ ಮೇಲೆ ರಸ್ತೆಯ ಧೂಳಿನ ಕಂದು ಮಾತ್ರ ಇತ್ತು. ನೀಲಿಯ ಎಳೆಯೂ ಇರಲಿಲ್ಲ.

ಆಗ ನಾನು ಹೇಳಿದ ಮಾತನ್ನು ಇಲ್ಲಿ ಬರೆಯಲೇಬೇಕು. ‘ಫೋಟೋ ಆಗಲಿ ಇರಪ್ಪ, ಆಮೇಲೆ ನೋಡೋಣ’ ಅಂದೆ.

ಫೋಟೋ ತೆಗೆಯುವವನು ಎತ್ತರದವರನ್ನು ಹಿಂದೆ ಕಳಿಸಿದ, ಬ್ಯಾನರ್ ಸರಿ ಮಾಡಿಸಿದ. ನಿಂತಲ್ಲೇ ನನಗೆ ಲೆಕ್ಕ ಹತ್ತಲು ಶುರುವಾಯಿತು. ಎರಡು ವರ್ಷ. ಅಂಗಾಲಿನ ಮೇಲ್ಚರ್ಮ ಎಷ್ಟೇ ದಪ್ಪ ಇರಲಿ, ಕೆಲವು ವಾರ, ಬಹಳ ಅಂದರೆ ಕೆಲವು ತಿಂಗಳಿನಲ್ಲಿ ಸವೆದು ಹೊಸದು ಬಂದಿರುತ್ತದೆ. ಎರಡು ವರ್ಷದ ಹಿಂದಿನ ಬಣ್ಣ ಅಲ್ಲಿ ಉಳಿಯಲು ಸಾಧ್ಯವೇ ಇಲ್ಲ. ಆಕೆ ‘ಇದ್ದೆ’ ಅಂದಿದ್ದರು, ‘ಇದ್ದೀನಿ’ ಅಂದಿರಲಿಲ್ಲ. ಬೆಳಿಗ್ಗೆಯ ಜೀನ್ಸ್ ಕೆಲಸಗಾರನಿಗೆ ಎರಡೂ ಕಾಲು ನೀಲಿ, ಹಿಮ್ಮಡಿಯ ಬಿರುಕಿನೊಳಗೂ ನೀಲಿ. ಈ ಅಮ್ಮನಿಗೆ ಒಂದೇ ಕಾಲು, ಒಂದೇ ಜಾಗ. ಇದೆಲ್ಲ ಕಣ್ಣೆದುರೇ ಇತ್ತು. ಇಷ್ಟೆಲ್ಲ ಗೊತ್ತಾದ ಮೇಲೂ ಫೋಟೋ ಮುಗಿಯುವ ತನಕ ನಾನು ಅಲ್ಲೇ ನಿಂತಿದ್ದೆ. ಆ ಫೋಟೋ ಈಗಲೂ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿದೆ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ಆ ಹುಡುಗ ಒಬ್ಬ ಬಾಗಿಲು ನೋಡುತ್ತಿದ್ದಾನೆ.

ಹೊರಗೆ ಬಂದರೆ ಕಾರಿಡಾರಿನಲ್ಲಿ ಆಯಮ್ಮ ಇಲ್ಲ. ಔಷಧಿ ಕೌಂಟರಿನಲ್ಲಿ ಇಲ್ಲ. ಒಪಿಡಿ ಚೀಟಿಯಲ್ಲಿದ್ದ ನಂಬರ್ ಮಗನದು, ಸ್ವಿಚ್ ಆಫ್. ವಿಳಾಸ ಅಂತ ಬರೀ ಊರಿನ ಹೆಸರು. ಕೌಂಟರಿನವರನ್ನು ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ತಪ್ಪು ಸ್ಲಿಪ್ ಬರೆದವಳು ನಾನು. ಹುಡುಗ ಗೇಟಿನ ಕಡೆ ಓಡಿದ, ನಾನು ಹಿಂದಿನ ಬಾಗಿಲ ಕಡೆ. ಬಿಸಿಲಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ಚಹಾದಂಗಡಿ ನೋಡಿದೆ, ಆಟೋ ಸ್ಟ್ಯಾಂಡ್ ನೋಡಿದೆ. ‘ತೊಂದರೆ ಇಲ್ಲ’ ಅಂತ ಡಾಕ್ಟರೇ ಬರೆದು ಕೊಟ್ಟ ಚೀಟಿ ಕೈಯಲ್ಲಿದ್ದರೆ ಯಾರು ತಾನೇ ಮತ್ತೆ ಬಂದು ತೋರಿಸುತ್ತಾರೆ? ಆ ಒಂದು ಸಾಲು ಆಕೆಯನ್ನು ಇನ್ನೂ ಎರಡು ವರ್ಷ ಮನೆಯಲ್ಲಿ ಕೂರಿಸಬಹುದಿತ್ತು.

ಕೊನೆಗೆ ಬೇವಿನ ಮರದ ಕಟ್ಟೆಯ ಮೇಲೆ ಸಿಕ್ಕರು. ಚಪ್ಪಲಿ ಬಿಟ್ಟು, ಕಾಲು ಮಡಚಿಕೊಂಡು, ಮಂಡಕ್ಕಿ ತಿನ್ನುತ್ತಾ ಕೂತಿದ್ದರು. ಬಸ್ಸಿಗೆ ಇನ್ನೂ ಟೈಮ್ ಇತ್ತಂತೆ. ನನ್ನ ಕೈಕಾಲು ನಡುಗುತ್ತಿದ್ದವು.

‘ಅಮ್ಮಾ, ನಾನು ಸರಿಯಾಗಿ ನೋಡಲಿಲ್ಲ. ಇನ್ನೊಂದ್ಸಲ ನೋಡಬೇಕು, ಬರ್ತೀರಾ?’

‘ಈಗರ ಏನಿಲ್ಲ ಅಂದ್ರೆಲ್ಲ ಮೇಡಂ?’

‘ಅವಸರದಲ್ಲಿ ಅಂದೆ. ತಪ್ಪಾಯ್ತು.’

ಆಕೆ ಮಂಡಕ್ಕಿ ಪೊಟ್ಟಣ ಮಡಚಿ ಸೆರಗಿಗೆ ಕಟ್ಟಿಕೊಂಡು ಎದ್ದರು. ಮತ್ತೇನೂ ಕೇಳಲಿಲ್ಲ.

ಈ ಸಲ ಮೊದಲು ಸೋಪು ಹಾಕಿ ತೊಳೆದೆವು. ಎರಡೂ ಕಾಲು ಪಕ್ಕದಲ್ಲಿ ಇಟ್ಟು ನೋಡಿದೆವು. ಅಳತೆ ಪಟ್ಟಿ ಇಟ್ಟರೆ 14 ಮಿಲಿಮೀಟರ್. ಅಂಗಾಲಿನ ಮಚ್ಚೆ 7 ಮಿಲಿಮೀಟರ್ ದಾಟಿದ್ದು, ಸಾಲಿನಲ್ಲಿ ಬಣ್ಣ ನಿಂತ ಸಾದಾ ಮಚ್ಚೆಯ ಹಾಗೆ ಇಲ್ಲದಿದ್ದರೆ ಬಯಾಪ್ಸಿಗೆ ಕಳಿಸಬೇಕು. ಬ್ಲೇಡಿನಿಂದ ತೆಳ್ಳಗೆ ಒಂದು ಪದರ ತೆಗೆದೆ. ಅಡಿಯಲ್ಲಿ ಅದೇ ಕಪ್ಪು. ಲೆನ್ಸಿನಲ್ಲಿ ಬೋದುಗಳು ಒಂದು ಕಡೆ ದಪ್ಪ ಕಪ್ಪು, ಇನ್ನೊಂದು ಕಡೆ ತೆಳು ಕಂದು. ಒಂದು ಅಂಚು ಹರಿದ ಬಟ್ಟೆಯ ಹಾಗೆ ಚದುರಿತ್ತು. ಬಿಳಿ ಚುಕ್ಕೆಗಳು ಮಾತ್ರ ಆ ಕಪ್ಪಿನ ನಡುವೆಯೂ ಸಾಲು ತಪ್ಪದೆ ಕೂತಿದ್ದವು. ಬಸ್ ತಪ್ಪಿದರೂ ಪರವಾಗಿಲ್ಲ ಅಂತ ಆರು ಜನ ಎಂಒಗಳು ಉಳಿದಿದ್ದರು. ಆರು ಜನರೂ ಸಮಾಧಾನವಾಗಿ, ಬೇಕಾದಷ್ಟು ಹೊತ್ತು ನೋಡಿದರು. ಆ ದಿನ ನಿಜವಾಗಿ ತರಬೇತಿ ನಡೆದದ್ದು ಆಗಲೇ.

ಸರ್ಜನ್ ಜೊತೆ ಮಾತಾಡಿ, ಬೂದು ಕಂಡ ಜಾಗದಿಂದ ಬಯಾಪ್ಸಿ ತೆಗೆದೆವು. ಬಯಾಪ್ಸಿ ವರದಿ ಹತ್ತು ದಿನಕ್ಕೆ ಬಂತು. ಮೆಲನೋಮಾ. ಬೆಂಗಳೂರಿಗೆ ಕಳಿಸಿದೆವು. ನಮ್ಮಿಂದ ಸುಮಾರು 300 ಕಿಲೋಮೀಟರ್. ಮಗ ರಜೆ ಹಾಕಿ ಕರೆದುಕೊಂಡು ಹೋದ. ಪೂರ್ತಿ ತೆಗೆದ ಮೇಲೆ ಆಳ 1.2 ಮಿಲಿಮೀಟರ್ ಅಂತ ಬಂತು. ತೊಡೆಸಂದಿನ ಗಂಟಿಗೆ ಹರಡಿರಲಿಲ್ಲ. ಹಿಮ್ಮಡಿಗೆ ತೊಡೆಯ ಚರ್ಮ ಕಸಿ ಮಾಡಿದರು. ಈ ಕಾಯಿಲೆಯಲ್ಲಿ ಅಳತೆಯೆಲ್ಲ ಮಿಲಿಮೀಟರಿನದು. ಅಗಲಕ್ಕಿಂತ ಆಳವೇ ಮುಖ್ಯ. ಇನ್ನೆರಡು ವರ್ಷ ಬಿಟ್ಟಿದ್ದರೆ ಆ ಆಳ ಎಷ್ಟಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ನನಗೆ ನಿದ್ದೆ ಹಾರುತ್ತದೆ.

ಬೆಳಿಗ್ಗೆ ಕಲಿಸಿದ ಪಾಠವೇ ಮಧ್ಯಾಹ್ನ ನನ್ನ ಕಣ್ಣು ಕಟ್ಟಿತ್ತು. ನಮ್ಮೂರಿನ ಕಥೆ ನನಗೆ ಚೆನ್ನಾಗಿ ಗೊತ್ತು ಅನ್ನುವ ಧೈರ್ಯ ಅದು. ಜೀನ್ಸ್ ಅಂದರೆ ಬಣ್ಣ, ಮುಗಿಯಿತು. ಹೊರಗಿನ ಬಣ್ಣ ಅಂತ ಹೇಳುವ ಮುಂಚೆ ಆ ಬಣ್ಣ ಹೋಗುತ್ತದೆ ಅಂತ ತೋರಿಸಬೇಕು. ತೋರಿಸಲು ಆಗದಿದ್ದರೆ ಆ ಮಾತು ಆಡಬಾರದು. ಈಗ ಪ್ರತಿ ಬ್ಯಾಚಿನಲ್ಲೂ ಇದನ್ನು ನನ್ನ ತಪ್ಪಿನ ಸಮೇತ ಹೇಳುತ್ತೇನೆ.

ಎರಡು ದಿನದ ತರಬೇತಿ, ನಾಲ್ಕು ಜನಕ್ಕೆ ಒಂದು ಡರ್ಮೋಸ್ಕೋಪ್ ಬೇಕು ಅಂತ ನಾಲ್ಕನೇ ಸಲ ಬರೆದು ಕೊಟ್ಟೆ. ಇನ್ನೂ ಉತ್ತರ ಬಂದಿಲ್ಲ. ಪ್ಲಾಸ್ಟಿಕ್ ಟಬ್, ಮಗ್ಗು, ಸೋಪು, ಎರಡು ಟವೆಲ್ ನಾನೇ ತಂದಿಟ್ಟೆ. ಫೋಟೋ ಈಗ ಬೆಳಿಗ್ಗೆ ಹತ್ತಕ್ಕೇ ತೆಗೆಸಿಬಿಡುತ್ತೇನೆ. ಆ ಹುಡುಗ ತನ್ನ ಪಿಎಚ್‌ಸಿಯಲ್ಲಿ ಬಿಪಿ, ಶುಗರ್‌ಗೆ ಬರುವವರ ಚಪ್ಪಲಿ ಬಿಚ್ಚಿಸಿ ಅಂಗಾಲು ನೋಡುತ್ತಾನೆ. ತಿಂಗಳಿಗೆ ಒಂದೆರಡು ಫೋಟೋ ಕಳಿಸುತ್ತಾನೆ. ಬಹುಪಾಲು ಸಾದಾ ಮಚ್ಚೆಗಳೇ. ಆದರೂ ಪ್ರತಿ ಫೋಟೋದ ಕೆಳಗೆ ಅವನು ತಪ್ಪದೆ ಬರೆಯುವ ಒಂದು ಸಾಲು ಇರುತ್ತದೆ: ‘ಉಜ್ಜಿ ನೋಡಿದ್ದೇನೆ ಮೇಡಂ.’

ಆ ಅಮ್ಮ ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಸ್ವಲ್ಪ ಕುಂಟುತ್ತಾರೆ, ಕಸಿ ಮಾಡಿದ ಚರ್ಮ ಚಳಿಗಾಲದಲ್ಲಿ ಬಿಗಿಯುತ್ತದಂತೆ. ತೊಡೆಸಂದು ಮುಟ್ಟಿ ನೋಡುತ್ತೇನೆ, ಎರಡೂ ಅಂಗಾಲು, ಬೆರಳ ಸಂದಿ, ಉಗುರು ನೋಡುತ್ತೇನೆ. ಹೋದ ಸಲ ನಾನು ಟಬ್ ಎಳೆಯಲು ಬಗ್ಗಿದಾಗ ಆಕೆ ಆಗಲೇ ಸ್ಟೂಲಿನ ಮೇಲೆ ಎರಡೂ ಕಾಲು ಇಟ್ಟಿದ್ದರು.

‘ನಳದಾಗ ತೊಳಕೊಂಡೇ ಬಂದೀನ್ರಿ ಮೇಡಂ. ನೋಡ್ರಿ ಈಗ.’