ಯಾವ ಕಿಲ್ನ್ ತಗೊಳ್ಳಲಿ?

"ಸೆರಾಮಿಕ್ ಕಲಾವಿದ ಆಗಬೇಕು ಅಂತಿದೀನಿ, ಯಾವ ಕಿಲ್ನ್ ತಗೊಳ್ಳಲಿ?" ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹುಡುಗರು, ಹುಡುಗಿಯರು ಮೊದಲು ಕೇಳೋದು ಇದನ್ನೇ. ಕಿಲ್ನ್ ಅಂದರೆ ಮಣ್ಣಿನ ಕೆಲಸವನ್ನು ಸುಡುವ ಗೂಡು. ಉತ್ತರ: ಮೊದಲ ವರ್ಷ ಯಾವುದೂ ಬೇಡ. ಒಂದು 80 ಮೆಶ್ (ಇಂಚಿಗೆ 80 ಕಣ್ಣಿನ) ಜರಡಿ, ಗ್ರಾಂ ತೋರಿಸುವ ತಕ್ಕಡಿ, ಎರಡು ಬಕೆಟ್, ಒಂದು ನೋಟ್‌ಬುಕ್ ತಗೊಳ್ಳಿ. ಇಷ್ಟಕ್ಕೆ ಆಗುವ ಖರ್ಚು ಕಿಲ್ನ್‌ನ ಸಾಗಾಣಿಕೆ ಬಾಡಿಗೆಗೂ ಸಾಲದು.

ಕಾರಣ ಸರಳ. ಕಿಲ್ನ್‌ಗೆ ಬಿಸಿ ಮಾಡೋದು ಮಾತ್ರ ಗೊತ್ತು. ಎಷ್ಟು ಬಿಸಿ, ಎಷ್ಟು ಹೊತ್ತು ಅನ್ನೋದನ್ನ ಮಣ್ಣು ಹೇಳಬೇಕು. ಆ ಮಣ್ಣನ್ನು ನೀವು ಇನ್ನೂ ಕೇಳಿಲ್ಲ.

ನಮ್ಮ ಕಡೆಯ ಕೆರೆ ಮಣ್ಣು ಕಬ್ಬಿಣದ ಅಂಶ ಇರುವ ಕೆಂಪು ಜೇಡಿ. ಮಡಿಕೆಗೆ, ಹೆಂಚಿಗೆ ಹೇಳಿ ಮಾಡಿಸಿದ ಮಣ್ಣು. ಹೆಚ್ಚು ಬಿಸಿಗೆ ಸುಡುವ ಗಟ್ಟಿ ಸ್ಟೋನ್‌ವೇರ್‌ಗೆ ಅಲ್ಲ. ಪಂಚಾಯ್ತಿಯವರನ್ನು ಕೇಳಿಕೊಂಡು ಐದು ಕೆಜಿ ತನ್ನಿ, ಪೂರ್ತಿ ಒಣಗಿಸಿ, ಹೆಂಟೆ ಒಡೆದು ನೀರಿಗೆ ಹಾಕಿ. ಹಸಿ ಹೆಂಟೆಯನ್ನೇ ಹಾಕಿದರೆ ವಾರವಾದರೂ ಕರಗಲ್ಲ, ಒಣಗಿದ್ದು ಗಂಟೆಯಲ್ಲಿ ಪುಡಿಯಾಗಿ ಕೂರುತ್ತೆ. ಆಮೇಲೆ ಜರಡಿ. ಇದನ್ನು ತಪ್ಪಿಸಬೇಡಿ: ಮಣ್ಣಲ್ಲಿ ಜೋಳದ ಕಾಳಿನಷ್ಟು ಸುಣ್ಣದ ಕಲ್ಲು ಉಳಿದರೂ, ಅದು ಬೆಂಕಿಯಲ್ಲಿ ಸುಟ್ಟ ಸುಣ್ಣವಾಗಿ, ಹೊರಗೆ ಬಂದ ಮೇಲೆ ಗಾಳಿಯ ತೇವ ಹೀರಿ ಊದಿಕೊಳ್ಳುತ್ತೆ. ಮಾರಿದ ಹತ್ತು ದಿನಕ್ಕೆ ಕೊಂಡವರ ಮನೆಯಲ್ಲಿ ಶಿಲ್ಪದ ಮೈಯಿಂದ ಚಕ್ಕೆ ಹಾರುತ್ತೆ. ಜರಡಿ ಹಿಡಿದ ಮಣ್ಣನ್ನು ಬಟ್ಟೆ ಮೇಲೆ ಹದಕ್ಕೆ ತಂದು, ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ ನೋಡಿ. ಬಿರುಕು ಬಿಟ್ಟರೆ ಜಿಗುಟು ಕಮ್ಮಿ. ಚೆನ್ನಾಗಿ ಸುತ್ತಿಕೊಂಡು, ಒಣಗುವಾಗ ಸೀಳಿದರೆ ಜಿಗುಟು ಜಾಸ್ತಿ, ನೂರಕ್ಕೆ ಹತ್ತರಿಂದ ಇಪ್ಪತ್ತು ಭಾಗ ಹೆಂಚಿನ ಪುಡಿ ಬೆರೆಸಿ.

ಈಗ ಪರೀಕ್ಷೆಗೆ ಈ ಮಣ್ಣಿನ ಚಪ್ಪಟೆ ಪಟ್ಟಿಗಳನ್ನು ಮಾಡಿ. 12 ಸೆಂ.ಮೀ. ಉದ್ದ, 3 ಅಗಲ, 1 ದಪ್ಪ. ಹಸಿಯಲ್ಲೇ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಎಳೆಯಿರಿ, ಹಿಂದೆ ನಂಬರ್ ಕೆತ್ತಿ. ಸುಟ್ಟ ಮೇಲೆ ಆ ಗೆರೆ 9 ಸೆಂ.ಮೀ. ಆಗಿದ್ದರೆ ಕುಗ್ಗುವಿಕೆ ಶೇ. 10. ಸುಟ್ಟ ಪಟ್ಟಿ ತೂಗಿ, ಎರಡು ಗಂಟೆ ನೀರಲ್ಲಿ ಕುದಿಸಿ, ಅದೇ ನೀರಲ್ಲಿ ಆರಲು ಬಿಟ್ಟು, ಒರೆಸಿ ಮತ್ತೆ ತೂಗಿ. 100 ಗ್ರಾಂ ಇದ್ದದ್ದು 112 ಆದರೆ ಶೇ. 12ರಷ್ಟು ನೀರು ಹೀರಿದೆ. ಶಿಲ್ಪಕ್ಕೆ ಅಡ್ಡಿಯಿಲ್ಲ, ಕಾಫಿ ಮಗ್ಗಿಗೆ ಆಗಲ್ಲ. ಇಂಥ ಪಟ್ಟಿಗಳನ್ನು 950, 1050, 1150 ಡಿಗ್ರಿಗೆ ಬೇರೆ ಬೇರೆಯಾಗಿ ಸುಡಬೇಕು. 1150ಕ್ಕೆ ಕೆಂಪು ಜೇಡಿ ಚಾಕಲೇಟ್ ಬಣ್ಣಕ್ಕೆ ತಿರುಗಿ ಬಾಗಬಹುದು, ಪೂರಿ ಹಾಗೆ ಉಬ್ಬಲೂಬಹುದು. ಕಬ್ಬಿಣವೇ ಅಲ್ಲಿ ಮಣ್ಣನ್ನು ಕರಗಿಸುತ್ತಿರುತ್ತೆ.

ಸ್ವಂತ ಕಿಲ್ನ್ ಇಲ್ಲದೆ ಎಲ್ಲಿ ಸುಡೋದು? ಹತ್ತಿರದ ಕುಂಬಾರರ ಆವಿಗೆಯಲ್ಲಿ ಜಾಗ ಕೇಳಿ, ದುಡ್ಡು ಕೊಟ್ಟೇ ಕೇಳಿ. ಹೆಚ್ಚು ಬಿಸಿ ಬೇಕಾದರೆ ಬೆಂಗಳೂರಿನಲ್ಲಿ ಬಾಡಿಗೆಗೆ ಸುಟ್ಟುಕೊಡುವ ಸ್ಟುಡಿಯೋಗಳಿವೆ. ಆದರೆ ಗೊತ್ತಿಲ್ಲದ ಮಣ್ಣನ್ನು ಅವರು ಸುಲಭಕ್ಕೆ ಒಳಗೆ ಬಿಡಲ್ಲ, ಕರಗಿ ಶೆಲ್ಫಿಗೆ ಅಂಟಿದರೆ ನಷ್ಟ ಅವರದು. ನಿಮ್ಮ ಪಟ್ಟಿಗಳೂ ನೋಟ್‌ಬುಕ್ಕೂ ಅಲ್ಲಿ ಗುರುತಿನ ಚೀಟಿ. ಪೂರ್ತಿ ಒಣಗಿದ ಕೆಲಸವನ್ನು ಬಸ್ಸಲ್ಲಿ ಒಯ್ಯಬೇಡಿ, ಎಪ್ಪತ್ತು ಕಿಲೋಮೀಟರಿಗೆ ಪುಡಿಯೇ ಉಳಿಯೋದು. ಉಗುರಿಗೆ ಗುರುತು ಬೀಳುವ, ಆದರೆ ಎತ್ತಿದರೆ ಬಾಗದ ಹದದಲ್ಲಿ ಒಯ್ದು ಅಲ್ಲೇ ಒಣಗಿಸಿ. ಒಣಗಿದೆಯಾ ಅಂತ ಕೆನ್ನೆಗೆ ಮುಟ್ಟಿಸಿ ನೋಡಿ: ತಣ್ಣಗಿದ್ದರೆ ಒಳಗೆ ನೀರಿದೆ, ಅದು ಕಿಲ್ನ್‌ನಲ್ಲಿ ಆವಿಯಾಗಿ ಕೆಲಸವನ್ನು ಸಿಡಿಸುತ್ತೆ. ಮಳೆಗಾಲದಲ್ಲಿ 90 ಡಿಗ್ರಿ ಹತ್ತಿರ ನಾಲ್ಕು ಗಂಟೆ ನಿಲ್ಲಿಸಿಯೇ ಮುಂದೆ ಹೋಗಬೇಕು.

ಮಿಕ್ಸೆಡ್ ಮೀಡಿಯಾ, ಅಂದರೆ ಮಣ್ಣಿನ ಜೊತೆ ಬೇರೆ ವಸ್ತು ಸೇರಿಸೋದು, ಅಂದಕೂಡಲೇ ಎಲ್ಲರೂ ಹಸಿ ಮಣ್ಣಿಗೆ ತಂತಿ ಚುಚ್ಚುತ್ತಾರೆ. ಮಣ್ಣು ಕುಗ್ಗುತ್ತೆ, ತಂತಿ ಕುಗ್ಗಲ್ಲ, ಸುತ್ತ ಬಿರುಕು. ತಾಮ್ರ 1085 ಡಿಗ್ರಿಗೆ ಕರಗಿ ಹರಿಯುತ್ತೆ. ಸತುವು ಲೇಪಿಸಿದ ಜಿಐ ತಂತಿಯಂತೂ ಬೇಡವೇ ಬೇಡ, ಅದರ ಸತುವು ಹೊಗೆಯಾಗಿ ಶ್ವಾಸಕ್ಕೆ ಹೋಗುತ್ತೆ. ಲೋಹ ಸೇರಿಸೋದು ಸುಟ್ಟ ಮೇಲೆ. 6 ಮಿ.ಮೀ. ಬೋಲ್ಟ್‌ಗೆ ಹಸಿಯಲ್ಲಿ 8 ಮಿ.ಮೀ. ತೂತು ಬಿಟ್ಟರೆ ಸುಟ್ಟ ಮೇಲೆ ಸುಮಾರು 7 ಉಳಿಯುತ್ತೆ. ನಡುವೆ ರಬ್ಬರ್ ವಾಷರ್ ಹಾಕಿ. ಬಿಸಿಲಿಗೆ ಕಬ್ಬಿಣ ಸೆರಾಮಿಕ್‌ಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತೆ, ಬಿಗಿಯಾಗಿ ಕೂರಿಸಿದ್ದು ಒಂದು ಬೇಸಿಗೆಗೇ ಸೀಳುತ್ತೆ.

ನಮ್ಮ ಕಡೆ ಸಿಗುವ ಅಪರೂಪದ ವಸ್ತು ಅಂದರೆ ರೇಷ್ಮೆ ಗೂಡು. ಶಿಡ್ಲಘಟ್ಟದ ಕಡೆ ನೂಲು ತೆಗೆಯೋಕೆ ಬಾರದ ಗೂಡು ಸಿಕ್ಕರೆ ತನ್ನಿ. ದೋಸೆ ಹಿಟ್ಟಿನ ಹದಕ್ಕೆ ಕದಡಿದ ಬಿಳಿ ಮಣ್ಣಿಗೆ ಕಾಲು ಭಾಗ ನೆನೆದ ಟಿಶ್ಯೂ ಪೇಪರ್ ಕಿವುಚಿ ಹಾಕಿ. ಕಾಗದದ ನಾರಿಲ್ಲದಿದ್ದರೆ ಗೂಡಿನ ಮೇಲೆ ಒಣಗುವಾಗಲೇ ಒಡೆಯುತ್ತೆ. ಮೂರು ಸಲ ಅದ್ದಿ, ಪ್ರತಿ ಸಲ ಒಣಗಿಸಿ, ಹೊಗೆಗೆ ಒಂದು ತೂತು ಬಿಡಿ. 200ರಿಂದ 500 ಡಿಗ್ರಿವರೆಗೆ ಗಂಟೆಗೆ ಅರವತ್ತರ ಮೇಲೆ ಹೋಗಬೇಡಿ. ಕೂದಲು ಸುಟ್ಟ ವಾಸನೆ ಬರುತ್ತೆ, ಕಿಟಕಿ ತೆಗೆದಿಡಿ. ರೇಷ್ಮೆ ಹೋಗಿ, ಒಳಗೆ ಟೊಳ್ಳಾದ, ಮೊಟ್ಟೆ ಚಿಪ್ಪಿನಂಥ ಗೂಡು ಉಳಿಯುತ್ತೆ. ಇದೇ ಹುಮ್ಮಸ್ಸಿನಲ್ಲಿ ಕೆಜಿಎಫ್‌ನ ಸೈನೈಡ್ ದಿಬ್ಬದ ಪುಡಿಗೆ ಮಾತ್ರ ಕೈ ಹಾಕಬೇಡಿ. ಗಣಿ 2001ರಲ್ಲಿ ಮುಚ್ಚಿದರೂ ಆ ಪುಡಿ ಬಣ್ಣದ ಮಣ್ಣಲ್ಲ, ಚಿನ್ನ ತೆಗೆದು ಬಿಟ್ಟ ಕಸ.

ಕಲಿಯೋಕೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿದೆ, ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ, ಪುದುಚೇರಿಯಲ್ಲಿ 1971ರಲ್ಲಿ ಶುರುವಾದ ಗೋಲ್ಡನ್ ಬ್ರಿಡ್ಜ್ ಪಾಟರಿ ಇದೆ. ಯಾವುದಕ್ಕೆ ಹೋದರೂ ಒಂದೇ ಮಾಧ್ಯಮಕ್ಕೆ ಕಟ್ಟಿಹಾಕಿಕೊಳ್ಳಬೇಡಿ. ಸೆಣಬಿನ ಹಗ್ಗ ಗಂಟುಹಾಕಿ ಆಳೆತ್ತರದ ಶಿಲ್ಪ ಕಟ್ಟುತ್ತಿದ್ದ ಮೃಣಾಲಿನಿ ಮುಖರ್ಜಿ ತೊಂಬತ್ತರ ದಶಕದಲ್ಲಿ ಸೆರಾಮಿಕ್‌ಗೆ ಬಂದರು, ಆಮೇಲೆ ಕಂಚಿಗೆ ಹೋದರು. ಬೆಲೆಯ ವಿಚಾರದಲ್ಲಿ ಒಂದೇ ಮಾತು: ಗ್ಯಾಲರಿ ಮೂರನೇ ಒಂದರಿಂದ ಅರ್ಧದವರೆಗೂ ಕಮಿಷನ್ ತಗೊಳ್ಳುತ್ತೆ, ಒಡೆದುಹೋದ ಕೆಲಸಗಳ ಖರ್ಚನ್ನೂ ಉಳಿದವುಗಳ ಮೇಲೆಯೇ ಹಾಕಬೇಕು.

ಹಾಗಾದರೆ ಕಿಲ್ನ್ ಯಾವಾಗ? ಆರು ತಿಂಗಳು ಸತತವಾಗಿ, ತಿಂಗಳಿಗೆ ಎರಡು ಲೋಡು ತುಂಬುವಷ್ಟು ಕೆಲಸ ಬಾಡಿಗೆಗೆ ಸುಟ್ಟಿದ್ದೀರಿ ಅಂದಾಗ. ಪಟ್ಟಣದಲ್ಲಿ ತ್ರೀ ಫೇಸ್ ಲೈನ್ ಇದ್ದರೆ 100 ಲೀಟರಿನ ಕರೆಂಟು ಕಿಲ್ನ್, ಮೀಟರಿನ ಕರೆಂಟು ಲೋಡನ್ನು ಮೊದಲೇ ಹೆಚ್ಚಿಸಿಕೊಳ್ಳಿ. ಹಳ್ಳಿಯಲ್ಲಿ ತ್ರೀ ಫೇಸ್ ಬರೋದೇ ಕೆಲವು ಗಂಟೆ, ಅಲ್ಲಿ ಗ್ಯಾಸೇ ಸರಿ. ಅದಕ್ಕೂ ಒಂದೇ ಸಿಲಿಂಡರ್ ಇಟ್ಟರೆ ಕೊನೆಯ ನೂರು ಡಿಗ್ರಿಗೆ ಅದರ ಮೈ ಮಂಜುಗಟ್ಟಿ ಒತ್ತಡ ಬೀಳುತ್ತೆ, ಎರಡೋ ಮೂರೋ ಜೋಡಿಸಿಯೇ ಹೊತ್ತಿಸಿ.